ಏಳು ಸಾವಿರದೊಳಗೆ ಟಿಟಿ ಬ್ಯಾಟ್: ವೇಗಕ್ಕೆ ದುಡ್ಡು ಕೊಡಬೇಡಿ

ಪ್ರಶ್ನೆ: ನನಗೆ 41 ವರ್ಷ, ಊರು ಶಿವಮೊಗ್ಗ. ಕಾಲೇಜಿನಲ್ಲಿದ್ದಾಗ ರೆಡಿಮೇಡ್ ಬ್ಯಾಟಿನಲ್ಲಿ ಟೇಬಲ್ ಟೆನಿಸ್ ಆಡುತ್ತಿದ್ದೆ. ಈಗ ಎರಡು ವರ್ಷದಿಂದ ವಾರಕ್ಕೆ ಮೂರು ಸಂಜೆ ಕ್ಲಬ್ಬಿಗೆ ಹೋಗುತ್ತಿದ್ದೇನೆ. ಬ್ಯಾಕ್‌ಹ್ಯಾಂಡಿನಲ್ಲಿ ಬ್ಲಾಕ್ (ಎದುರಾಳಿಯ ಹೊಡೆತವನ್ನು ತಡೆಯುವುದು), ಪುಷ್ (ಚೆಂಡನ್ನು ಕೆಳಗಿನಿಂದ ಮೆಲ್ಲಗೆ ತಳ್ಳುವುದು) ಚೆನ್ನಾಗಿ ಬರುತ್ತವೆ. ಫೋರ್‌ಹ್ಯಾಂಡ್ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂತೆ ತಿರುಗಿಸುವ ಹೊಡೆತ) ಈಗ ಕಲಿಯುತ್ತಿದ್ದೇನೆ. ಬ್ಲೇಡ್ (ಬ್ಯಾಟಿನ ಮರದ ಹಲಗೆ), ಅದಕ್ಕೆ ಅಂಟಿಸುವ ರಬ್ಬರ್ ಬೇರೆ ಬೇರೆ ಕೊಂಡು ಒಂದು ಒಳ್ಳೆಯ ಬ್ಯಾಟ್ ಮಾಡಿಸಿಕೊಳ್ಳಬೇಕು ಅಂತ ಆಸೆ. ಎಲ್ಲ ಸೇರಿ 7,000 ರೂಪಾಯಿ ದಾಟಬಾರದು. ಜೊತೆಯಲ್ಲಿ ಆಡುವವರು, ‘ಆಲ್‌ರೌಂಡ್ ಬ್ಲೇಡ್ ಆರು ತಿಂಗಳಿಗೆ ಸಾಲದಾಗುತ್ತೆ, ಇನ್ನೊಂದಿಷ್ಟು ಕೂಡಿಸಿ ಕಾರ್ಬನ್ನೇ ತಗೊಳ್ಳಿ’ ಅನ್ನುತ್ತಾರೆ. ಚೀನಾದ ಅಗ್ಗದ ಬ್ಲೇಡ್ ತಗೊಂಡರೆ ಪರವಾಗಿಲ್ಲವೇ? 11 ವರ್ಷದ ಮಗನೂ ಆಡಲು ಶುರು ಮಾಡಿದ್ದಾನೆ. ಅವನಿಗೂ ಅದೇ ನಡೆಯುತ್ತದೆಯೇ?

ಉತ್ತರ: ಕಾರ್ಬನ್, ಅಂದರೆ ಕಾರ್ಬನ್ ನಾರಿನ ಪದರ ಸೇರಿಸಿದ ಬ್ಲೇಡ್, ಬೇಡ. ಐದು ಪದರದ, ಬರೀ ಮರದ, ಮೇಲ್ಪದರ ಲಿಂಬಾ ಎಂಬ ಮೆದು ಮರದ್ದಾಗಿರುವ ಆಲ್‌ರೌಂಡ್ (ದಾಳಿಗೂ ತಡೆಗೂ ಒಗ್ಗುವ) ಬ್ಲೇಡ್ ತೆಗೆದುಕೊಳ್ಳಿ. ತೂಕ 82ರಿಂದ 88 ಗ್ರಾಂ ನಡುವೆ ಇರಲಿ. ಅದಕ್ಕೆ ಮೂರು, ಮೂರೂವರೆ ಸಾವಿರ ಹೋಗುತ್ತದೆ, ಉಳಿದದ್ದು ರಬ್ಬರಿಗೆ. ‘ಆರು ತಿಂಗಳಿಗೆ ಸಾಲದು’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದು ಯಾಕೆ ಎಂದು ಹೇಳುವುದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗಿದೆ.

ಬ್ಯಾಟಿನ ವೇಗ ಎರಡು ಕಡೆಯಿಂದ ಬರುತ್ತದೆ, ಮರದಿಂದ ಮತ್ತು ರಬ್ಬರಿನಿಂದ. ಇವೆರಡರಲ್ಲಿ ರಬ್ಬರ್ ಸವೆಯುವ ವಸ್ತು. ವಾರಕ್ಕೆ ಮೂರು ದಿನ ಆಡುವವರಿಗೆ ಆರೆಂಟು ತಿಂಗಳಲ್ಲಿ ಅದರ ಹಿಡಿತ ಇಳಿಯುತ್ತದೆ, ಹೇಗಿದ್ದರೂ ಬದಲಾಯಿಸಬೇಕು. ನಿಮ್ಮ ಹೊಡೆತ ಬಲವಾದ ಹಾಗೆ ಹೆಚ್ಚು ವೇಗದ ರಬ್ಬರ್ ಹಾಕಿಸಬಹುದು, ರಬ್ಬರಿನ ಅಡಿಯಲ್ಲಿರುವ ಸ್ಪಂಜಿನ ದಪ್ಪದಲ್ಲಿ 1.8 ಮಿ.ಮೀ.ಯಿಂದ 2.0ಕ್ಕೆ ಹೋಗಬಹುದು. ಬ್ಲೇಡ್ ಹಾಗಲ್ಲ, ಜೋಪಾನ ಮಾಡಿದರೆ ಹತ್ತು ವರ್ಷ ಬರುತ್ತದೆ. ಆದ್ದರಿಂದ ರಬ್ಬರಿನಿಂದ ಯಾವತ್ತು ಬೇಕಾದರೂ ಪಡೆಯಬಹುದಾದ ವೇಗಕ್ಕೆ ಬ್ಲೇಡಿನಲ್ಲಿ ದುಡ್ಡು ಸುರಿಯುವುದು ದಂಡ. ರಬ್ಬರಿನಿಂದ ಸಿಗದೇ ಇರುವುದು ಏನಿದೆಯೋ ಅದನ್ನು ಬ್ಲೇಡಿನಲ್ಲಿ ಹುಡುಕಬೇಕು. ಏನದು? ಚೆಂಡು ತಾಗಿದಾಗ ಮರ ಸ್ವಲ್ಪ ಬಾಗಿ, ಚೆಂಡನ್ನು ಒಂದು ಗಳಿಗೆ ಹಿಡಿದು ಬಿಡುವ ಗುಣ. ಜೊತೆಗೆ, ಹೊಡೆತ ಸರಿಯಾಗಿ ಕೂತಿತೋ ಇಲ್ಲವೋ ಎಂಬುದನ್ನು ಅಂಗೈಗೆ ತಿಳಿಸುವ ಗುಣ. ಆಟಗಾರರು ‘ಫೀಲ್’ ಅನ್ನುವುದು ಇದನ್ನೇ.

ಚೆಂಡು ಬ್ಯಾಟಿಗೆ ಅಂಟಿರುವ ಸಮಯ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು. ಅಷ್ಟರಲ್ಲಿ ಕೈ ಏನನ್ನೂ ತಿದ್ದಲಾರದು. ಆದರೆ ಆ ತಾಗುವಿಕೆಯಿಂದ ಹ್ಯಾಂಡಲ್‌ವರೆಗೆ ಬರುವ ಕಂಪನವನ್ನು ಕೈ ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಚೆಂಡಿಗೆ ಅದೇ ಪಾಠ. ಟಾಪ್‌ಸ್ಪಿನ್ ಕಲಿಯುತ್ತಿರುವ ನಿಮಗೆ ಈ ಪಾಠ ಸ್ಪಷ್ಟವಾಗಿ ಕೇಳಿಸುವ ಬ್ಲೇಡ್ ಬೇಕು. ತುಂಬ ಗಡುಸಾದ ಕಾರ್ಬನ್ ಬ್ಲೇಡಿನಲ್ಲಿ ಒಳ್ಳೆಯ ಹೊಡೆತವೂ ಅರೆಬರೆ ಹೊಡೆತವೂ ಕೈಗೆ ಹೆಚ್ಚುಕಡಿಮೆ ಒಂದೇ ಥರ ಅನಿಸುತ್ತವೆ. ಬ್ಯಾಟಿನ ನಡುವೆ ತಾಗದ ಚೆಂಡೂ ಚೆನ್ನಾಗಿಯೇ ಹೋಗುತ್ತದೆ ಎನ್ನುವುದು ಕಾರ್ಬನ್ನಿನ ನಿಜವಾದ ಲಾಭ. ಪಂದ್ಯ ಆಡುವವರಿಗೆ ಅದು ಲಾಭ ಹೌದು, ಕಲಿಯುವವರಿಗೆ ಅಷ್ಟೇನೂ ಅಲ್ಲ.

ವೇಗದ ಬ್ಲೇಡಿನಿಂದ ಆಗುವ ದೊಡ್ಡ ಹಾನಿ ಚೆಂಡು ಆಚೆ ಬೀಳುವುದಲ್ಲ. ಆಚೆ ಬೀಳುತ್ತದೆ ಎಂಬ ಹೆದರಿಕೆಗೆ ಕೈ ತಾನಾಗಿಯೇ ಬೀಸುವುದನ್ನು ಕಡಿಮೆ ಮಾಡುತ್ತದೆ. ಪೂರ್ತಿ ಬೀಸಬೇಕಾದ ಟಾಪ್‌ಸ್ಪಿನ್ ಅರ್ಧಕ್ಕೇ ನಿಲ್ಲುತ್ತದೆ, ಮೊಣಕೈ ಬಿಗಿಯಾಗುತ್ತದೆ, ಸೊಂಟ ತಿರುಗುವುದೇ ಇಲ್ಲ. ಒಂದು ವರ್ಷ ಹೀಗೆ ಆಡಿದರೆ ಅದೇ ರೂಢಿಯಾಗುತ್ತದೆ. ನಿಮ್ಮ ಕ್ಲಬ್ಬಿನಲ್ಲೇ ಗಮನಿಸಿ ನೋಡಿ. ದುಬಾರಿ ಬ್ಯಾಟ್ ಹಿಡಿದೂ ಫೋರ್‌ಹ್ಯಾಂಡನ್ನು ಬರೀ ಮಣಿಕಟ್ಟಿನಲ್ಲಿ ತಟ್ಟುತ್ತಾ ನಿಂತಿರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಸರ್ವ್ ರಿಸೀವ್ ಮಾಡುವಾಗಲೂ ಇದೇ ತೊಂದರೆ. ನೆಟ್ಟಿನ ಪಕ್ಕಕ್ಕೆ ಎರಡು ಪುಟ ಬೀಳುವ ಹಾಗೆ ಪುಷ್ ಇಡಲು ಹೋದರೆ ಚೆಂಡು ಎದೆಯೆತ್ತರಕ್ಕೆ ಎದ್ದು ಎದುರಾಳಿಗೆ ಹಬ್ಬ. ಬ್ಲಾಕ್, ಪುಷ್ ನಿಮ್ಮ ಬಲ ಎಂದು ಬರೆದಿದ್ದೀರಿ. ಆ ಬಲವನ್ನು ಕಾರ್ಬನ್ ಕೊಂಡು ಕಳೆದುಕೊಳ್ಳಬೇಡಿ. ಹೆಸರಾಂತ ಕಾರ್ಬನ್ ಬ್ಲೇಡ್ ಒಂದಕ್ಕೇ ನಮ್ಮಲ್ಲಿ ಹದಿನೈದು ಸಾವಿರದ ಆಸುಪಾಸು ಆಗುತ್ತದೆ, ಅದು ‘ಇನ್ನೊಂದಿಷ್ಟು ಕೂಡಿಸುವ’ ಲೆಕ್ಕವೂ ಅಲ್ಲ.

ಇನ್ನು ಮರದ ವಿಷಯ. ನಿಯಮದ ಪ್ರಕಾರ ಬ್ಲೇಡಿನ ದಪ್ಪದಲ್ಲಿ ಶೇ 85ರಷ್ಟಾದರೂ ನೈಸರ್ಗಿಕ ಮರವೇ ಇರಬೇಕು. ಕಾರ್ಬನ್, ಗಾಜಿನ ನಾರು ಇಂಥವನ್ನು ಅಂಟಿನ ಪದರದಲ್ಲಿ ಸೇರಿಸಬಹುದು, ಆದರೆ ಅಂಥ ಒಂದೊಂದು ಪದರ ಒಟ್ಟು ದಪ್ಪದ ಶೇ 7.5 ಅಥವಾ 0.35 ಮಿ.ಮೀ., ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಅಂದರೆ ಕಾರ್ಬನ್ ಬ್ಲೇಡ್ ಕೂಡ ಬಹುಪಾಲು ಮರವೇ. ನೀವು ಹೆಚ್ಚುವರಿ ಹನ್ನೆರಡು ಸಾವಿರ ಕೊಡುವುದು ಕೂದಲೆಳೆಯಂಥ ಎರಡು ಪದರಕ್ಕೆ ಮತ್ತು ಹ್ಯಾಂಡಲ್ ಮೇಲಿನ ಹೆಸರಿಗೆ.

ಆಲ್‌ರೌಂಡ್ ಬ್ಲೇಡಿನ ಹಳೆಯ, ಪಳಗಿದ ಹದ ಹೀಗಿರುತ್ತದೆ: ನಡುವೆ ದಪ್ಪನೆಯ ಅಯೂಸ್, ಅದರ ಎರಡೂ ಬದಿಗೆ ಸ್ಪ್ರೂಸ್ ಅಥವಾ ಅಯೂಸಿನದೇ ತೆಳು ಪದರ, ಹೊರಗಡೆ ಲಿಂಬಾ. ಅಯೂಸ್ ಪಶ್ಚಿಮ ಆಫ್ರಿಕಾದ ಹಗುರ ಮರ. ಲಿಂಬಾ ಕೂಡ ಆ ಕಡೆಯದೇ, ಆದರೆ ನಿಮಗೆ ಪೂರ್ತಿ ಅಪರಿಚಿತವಲ್ಲ. ಮಲೆನಾಡಿನ ಮತ್ತಿ, ತಾರೆ ಮರಗಳು ಇರುವ ಟರ್ಮಿನೇಲಿಯಾ ಕುಲಕ್ಕೇ ಅದೂ ಸೇರಿದ್ದು. ಮತ್ತಿಯಷ್ಟು ಭಾರವಲ್ಲ, ಗಡುಸೂ ಅಲ್ಲ. ಆ ಮೆದು ಮೇಲ್ಪದರವೇ ಚೆಂಡನ್ನು ಹಿಡಿದು ಬಿಡುವುದು. ಹೊರಗೆ ಕೋಟೋ ಮರ ಇದ್ದರೆ ಹೊಡೆತ ಚುರುಕು, ಟಕ್ಕೆಂದು ಚೆಂಡು ಹೋಗುತ್ತದೆ. ಜಪಾನಿನ ಹಿನೋಕಿ ಬೇರೆಯದೇ ಲೋಕ, ಅದರ ಬೆಲೆಯೂ ಬೇರೆ ಲೋಕದ್ದು.

ಪದರಕ್ಕಿಂತ ಮುಖ್ಯವಾದ, ಆದರೆ ಯಾರೂ ಕೇಳದ ಅಂಕಿ ಎಂದರೆ ದಪ್ಪ. ಹಲಗೆಯ ಗಡುಸುತನ ಅದರ ದಪ್ಪದ ಮೂರನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. 5.5 ಮಿ.ಮೀ. ಬ್ಲೇಡನ್ನು ಅದೇ ಮರದಲ್ಲಿ 6.2 ಮಿ.ಮೀ. ಮಾಡಿದರೆ ದಪ್ಪ ಹೆಚ್ಚುವುದು ಶೇ 13ರಷ್ಟು, ಗಡುಸುತನ ಹೆಚ್ಚುವುದು ಶೇ 43ರಷ್ಟು. ಕಣ್ಣಿಗೆ ಕಾಣದ ಮುಕ್ಕಾಲು ಮಿಲಿಮೀಟರ್ ಇಡೀ ಬ್ಯಾಟಿನ ಸ್ವಭಾವ ಬದಲಿಸಿಬಿಡುತ್ತದೆ. ನಿಮಗೆ ಬೇಕಾಗಿರುವುದು 5.4ರಿಂದ 5.8ರ ಒಳಗೆ. ಪೆಟ್ಟಿಗೆಯ ಮೇಲೆ ಬರೆದ ವೇಗ 85, ಕಂಟ್ರೋಲ್ 90 ಇತ್ಯಾದಿ ಅಂಕಿಗಳನ್ನು ಮಾತ್ರ ಪಕ್ಕಕ್ಕಿಡಿ. ಒಂದೊಂದು ಕಂಪನಿಯದು ಒಂದೊಂದು ಅಳತೆಗೋಲು. ಒಬ್ಬರ ‘ಆಲ್‌ರೌಂಡ್ ಪ್ಲಸ್’ ಇನ್ನೊಬ್ಬರ, ಆಕ್ರಮಣಕ್ಕೆಂದು ಮಾಡಿದ ‘ಆಫ್ ಮೈನಸ್’ಗಿಂತ ಚುರುಕಾಗಿರುವುದುಂಟು.

ಹೆಸರು ಹೇಳಿ ಅಂದರೆ ಹೇಳುತ್ತೇನೆ. ಸ್ಟಿಗಾ ಕಂಪನಿಯ ಆಲ್‌ರೌಂಡ್ ಕ್ಲಾಸಿಕ್ ದಶಕಗಳಿಂದ ಮಾರಾಟವಾಗುತ್ತಿರುವ ಮಾದರಿ, ಈ ಜಾತಿಯ ಬ್ಲೇಡುಗಳಿಗೆ ಅದೇ ಅಳತೆಗೋಲು. ಅದಕ್ಕಿಂತ ಒಂದು ಕೂದಲು ಚುರುಕಾದದ್ದು ಆಲ್‌ರೌಂಡ್ ಎವಲ್ಯೂಶನ್. ಡೋನಿಕ್‌ನ ಅಪೆಲ್‌ಗ್ರೆನ್ ಆಲ್‌ಪ್ಲೇ ನನ್ನ ಮೆಚ್ಚಿನದು. ಹೆಸರು ಸ್ವೀಡನ್ನಿನ ಮೈಕೆಲ್ ಅಪೆಲ್‌ಗ್ರೆನ್ ಅವರದು. 1989ರಲ್ಲಿ ಡಾರ್ಟ್‌ಮುಂಡ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ತಂಡ ಫೈನಲ್‌ನಲ್ಲಿ ಚೀನಾವನ್ನು 5–0ಯಿಂದ ಮಣಿಸಿದ ತಂಡದಲ್ಲಿ ವಾಲ್ಡ್‌ನರ್, ಪೆರ್‌ಸನ್ ಜೊತೆ ಇದ್ದವರು. ಆದರೆ ಹ್ಯಾಂಡಲ್ ಮೇಲಿನ ಹೆಸರು ನೋಡಿ ಬ್ಲೇಡ್ ಕೊಳ್ಳಬೇಡಿ. ಆಟಗಾರರ ಹೆಸರಿನಲ್ಲಿ ನಿಧಾನದ್ದೂ ವೇಗದ್ದೂ ಎಲ್ಲ ಬಗೆಯವೂ ಬರುತ್ತವೆ. ಯಸಾಕಾ ಸ್ವೀಡನ್ ಎಕ್ಸ್‌ಟ್ರಾ ಇನ್ನೊಂದು ಹಳೆಯ ನಂಬಿಗಸ್ತ. ಇವುಗಳಿಗಿಂತ ಸ್ವಲ್ಪ ಚುರುಕು, ಫೋರ್‌ಹ್ಯಾಂಡಿನಲ್ಲಿ ಜಾಸ್ತಿ ದಾಳಿ ಮಾಡುವವರಿಗೆ ಹೊಂದುತ್ತದೆ. ಬಟರ್‌ಫ್ಲೈನ ಪ್ರಿಮೊರಾಕ್, ಕೊರ್ಬೆಲ್ ಕೂಡ ಐದು ಪದರದ ಲಿಂಬಾ ಬ್ಲೇಡುಗಳೇ, ಒಳ್ಳೆಯವೇ. ಆದರೆ ಆಲ್‌ರೌಂಡ್ ಗೆರೆ ದಾಟಿ ಆಕ್ರಮಣದ ಕಡೆಗೆ ವಾಲಿದವು. ನಿಮ್ಮ ಬಜೆಟ್ಟಿನಿಂದಲೂ ಸಾಮಾನ್ಯವಾಗಿ ಆಚೆಗೆ ವಾಲುತ್ತವೆ. ಸ್ಟಿಗಾ ಕ್ಲಿಪ್ಪರ್ ಥರದ ಏಳು ಪದರದವು ಹೊಡೆಯುವವರಿಗೆ, ಸದ್ಯಕ್ಕೆ ಬಿಡಿ.

ನಿಮ್ಮ ಆಟಕ್ಕೆ ನಾನು ಆರಿಸುವುದಾದರೆ ಆಲ್‌ರೌಂಡ್ ಕ್ಲಾಸಿಕ್ ಅಥವಾ ಅಪೆಲ್‌ಗ್ರೆನ್ ಆಲ್‌ಪ್ಲೇ, ಯಾವುದು ಸರಿಯಾದ ತೂಕದಲ್ಲಿ ಸಿಗುತ್ತದೋ ಅದು. ಹೆಸರಿಗಿಂತ ತೂಕವೇ ಮೇಲು ಅನ್ನುವುದು ಉತ್ಪ್ರೇಕ್ಷೆಯಲ್ಲ. ಮರ ಮರವೇ, ಒಂದೇ ಮಾದರಿಯಲ್ಲಿ ಒಂದು 79 ಗ್ರಾಂ, ಇನ್ನೊಂದು 92 ಗ್ರಾಂ ಬರಬಹುದು. ಒಂದೊಂದು ರಬ್ಬರ್ ಕತ್ತರಿಸಿ ಅಂಟಿಸಿದ ಮೇಲೆ 40ರಿಂದ 50 ಗ್ರಾಂ ಇರುತ್ತದೆ. 85ರ ಬ್ಲೇಡಿಗೆ ಎರಡು ಸೇರಿಸಿದರೆ ಬ್ಯಾಟ್ 165–185 ಗ್ರಾಂ ಆಯಿತು. ನಲವತ್ತು ದಾಟಿದ ಭುಜಕ್ಕೆ, ಆಫೀಸು ಮುಗಿಸಿ ಬಂದು ಎರಡು ಗಂಟೆ ಆಡುವುದಕ್ಕೆ ಅಷ್ಟು ಸಾಕು. 190 ದಾಟಿದರೆ ಬ್ಯಾಕ್‌ಹ್ಯಾಂಡ್ ಬ್ಲಾಕ್ ಮೊದಲು ತಡವಾಗುತ್ತದೆ, ಆಮೇಲೆ ಮೊಣಕೈ ನೋವು ಕಾಣಿಸಿಕೊಳ್ಳುತ್ತದೆ.

ಹ್ಯಾಂಡಲ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ತುದಿಯಲ್ಲಿ ಅಗಲವಾಗುವ ಫ್ಲೇರ್ಡ್ ಹ್ಯಾಂಡಲ್ ಬಹಳ ಜನಕ್ಕೆ ಒಗ್ಗುತ್ತದೆ. ಅಂಗೈ ದೊಡ್ಡದಿದ್ದರೆ, ಅಥವಾ ಆಡುವಾಗ ಬ್ಯಾಟನ್ನು ಬೆರಳಲ್ಲಿ ತಿರುಗಿಸುವ ಅಭ್ಯಾಸ ಇದ್ದರೆ ಸ್ಟ್ರೇಟ್. ಹೊಸ ಬ್ಲೇಡಿನ ಹೆಗಲು, ಅಂದರೆ ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮ ತಾಗುವ ಜಾಗ, ಚೂಪಾಗಿರುತ್ತದೆ. ನುಣುಪು ಸ್ಯಾಂಡ್‌ಪೇಪರಿನಲ್ಲಿ ಐದು ನಿಮಿಷ ಉಜ್ಜಿ ದುಂಡಗೆ ಮಾಡಿಕೊಳ್ಳಿ. ಹ್ಯಾಂಡಲ್ ಸರಿಯಿಲ್ಲ ಎಂದು ದೂರುವ ಅರ್ಧ ಜನರ ತೊಂದರೆ ಅಷ್ಟರಲ್ಲೇ ಮುಗಿಯುತ್ತದೆ.

ಚೀನಾದ ಬ್ಲೇಡ್ ಪರವಾಗಿಲ್ಲವೇ ಎಂದು ಕೇಳಿದ್ದೀರಿ. ಪರವಾಗಿಲ್ಲ, ಎಷ್ಟೋ ಚೆನ್ನಾಗಿವೆ. ಯಿನ್ಹೆ (ಹಳಬರು ಗ್ಯಾಲಕ್ಸಿ ಅನ್ನುತ್ತಾರೆ), ಸಾನ್‌ವೇಯಂಥ ಕಂಪನಿಗಳ ಐದು ಪದರದ ಬರೀ ಮರದ ಮಾದರಿಗಳು ಸುಮಾರು ಅರ್ಧ ಬೆಲೆಗೆ ಸಿಗುತ್ತವೆ. ಎರಡು ಎಚ್ಚರ ಬೇಕು. ಒಂದು, ಅಗ್ಗದಲ್ಲೂ ಕಾರ್ಬನ್ ಸೇರಿಸಿ ಮಾರುವುದು ಅವರಲ್ಲಿ ಹೆಚ್ಚು, ‘ಪ್ಯೂರ್ ವುಡ್’ ಎಂದು ನಮೂದಾಗಿದೆಯೇ ನೋಡಿ. ಎರಡು, ತೂಕದ ಏರುಪೇರು. ಹೇಳಿ ತರಿಸದಿದ್ದರೆ 95 ಗ್ರಾಮಿನ ದಿಮ್ಮಿಯೊಂದು ಮನೆಗೆ ಬಂದೀತು. ಬಜೆಟ್ 7,000ದ ಬದಲು 4,000 ಆಗಿದ್ದರೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತಿದ್ದೆ.

ಇನ್ನೊಂದು ದಾರಿಯೂ ಇದೆ, ಸೆಕೆಂಡ್ ಹ್ಯಾಂಡ್. ಕ್ಲಬ್ಬಿನ ಹಿರಿಯರು ಕಾರ್ಬನ್ನಿಗೆ ಹಾರುವಾಗ ಹಳೆಯ ಮರದ ಬ್ಲೇಡನ್ನು ಸಾವಿರ, ಒಂದೂವರೆ ಸಾವಿರಕ್ಕೆ ಬಿಡುತ್ತಾರೆ. ಅವರ ಆ ಆತುರ ನಿಮಗೆ ಅನುಕೂಲ. ರಬ್ಬರ್ ತೆಗೆದು ತೋರಿಸಿ ಅನ್ನಿ. ಹ್ಯಾಂಡಲ್ ಮತ್ತು ಹಲಗೆ ಕೂಡುವ ಕತ್ತಿನ ಬಳಿ ಬಿರುಕಿದೆಯೇ ನೋಡಿ, ಬದಿಯಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ಡೊಂಕು ನೋಡಿ. ಆಮೇಲೆ ಅಂಚಿನ ಸುತ್ತ ಬೆರಳಗಂಟಿನಿಂದ ತಟ್ಟುತ್ತಾ ಬನ್ನಿ. ಒಂದು ಕಡೆ ಮಾತ್ರ ಸದ್ದು ಬಡ್ಡಾಗಿ ಅಥವಾ ಜರ್ರೆಂದು ಬಂದರೆ ಒಳಗೆ ಪದರ ಬಿಟ್ಟುಕೊಂಡಿದೆ, ಬೇಡ. ಎರಡು ಬ್ಲೇಡ್ ಹೋಲಿಸುವುದಕ್ಕೂ ಕಿವಿ ಸಾಕು. ಬರೀ ಬ್ಲೇಡಿನ ಮೇಲೆ ಚೆಂಡು ಪುಟಿಸಿ, ಸ್ವರ ಮೇಲಿದ್ದಷ್ಟೂ ಅದು ಗಡುಸು. ನಕಲಿಯ ಭಯ ಆಲ್‌ರೌಂಡ್ ಬ್ಲೇಡಿನಲ್ಲಿ ಕಡಿಮೆ, ನಕಲಿ ಮಾಡುವವರ ಕಣ್ಣು ದುಬಾರಿ ಕಾರ್ಬನ್ ಮೇಲಿರುತ್ತದೆ. ಹಾಗಿದ್ದರೂ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ.

ನಿಮ್ಮ ಜೊತೆಗಾರರ ವಾದದಲ್ಲಿ ಒಂದು ಸತ್ಯಾಂಶವಿದೆ, ಅದನ್ನು ಮುಚ್ಚಿಡುವುದಿಲ್ಲ. 2000ದಲ್ಲಿ ಚೆಂಡು 38 ಮಿ.ಮೀ.ಯಿಂದ 40ಕ್ಕೆ ದೊಡ್ಡದಾಯಿತು, 2014ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಬಂತು. ಎರಡೂ ಸಲ ಸ್ಪಿನ್, ವೇಗ ಸ್ವಲ್ಪ ಇಳಿದವು. ಹೀಗಾಗಿ ಮೇಲಿನ ಮಟ್ಟದಲ್ಲಿ ಟೇಬಲ್ಲಿನಿಂದ ಎರಡು ಹೆಜ್ಜೆ ಹಿಂದೆ ನಿಂತು ಟಾಪ್‌ಸ್ಪಿನ್ ಆಡುವವರು ಗಡುಸು ಬ್ಲೇಡಿಗೆ ಹೋಗಿದ್ದು ಸಹಜ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. 2008ರಲ್ಲಿ ಸ್ಪೀಡ್ ಗ್ಲೂ ನಿಷೇಧವಾದ ಮೇಲೆ, ಆ ಅಂಟು ಕೊಡುತ್ತಿದ್ದ ಚಿಮ್ಮುಗುಣವನ್ನು ಕಂಪನಿಗಳು ರಬ್ಬರಿನೊಳಗೇ ಇನ್ನಷ್ಟು ಹೆಚ್ಚಾಗಿ ತುಂಬಿದವು. ಹೀಗೆ ಚಿಮ್ಮುಗುಣ ತುಂಬಿದ ಇವತ್ತಿನ ಟೆನ್ಸರ್ ರಬ್ಬರನ್ನು ಮಾಮೂಲಿ ಲಿಂಬಾ ಬ್ಲೇಡಿಗೆ ಅಂಟಿಸಿದರೆ ಸಿಗುವ ವೇಗ ಕ್ಲಬ್ ಆಟಕ್ಕೆ, ಜಿಲ್ಲಾ ಮಟ್ಟದ ವೆಟರನ್ಸ್ ಪಂದ್ಯಕ್ಕೆ ಧಾರಾಳ. ಮುಂದೊಂದು ದಿನ ಕಾಲು ಸರಿಯಾದ ಜಾಗದಲ್ಲಿದ್ದು, ಪೂರ್ತಿ ಬೀಸಿದ ಟಾಪ್‌ಸ್ಪಿನ್ ಕೂಡ ದೂರದಿಂದ ಎದುರಾಳಿಗೆ ಸಲೀಸಾಗಿ ಸಿಗುತ್ತಿದೆ ಅನ್ನಿಸಿದರೆ, ಅದೂ ಹೊಸ ರಬ್ಬರ್ ಹಾಕಿದ ಮೇಲೂ ಅನ್ನಿಸಿದರೆ, ಆಗ ಬ್ಲೇಡ್ ಬದಲಿಸುವ ಮಾತಾಡೋಣ.

ರಬ್ಬರ್ ಚುಟುಕಾಗಿ ಹೇಳಿಬಿಡುತ್ತೇನೆ. ಎರಡೂ ಬದಿಗೆ ಯಸಾಕಾ ಮಾರ್ಕ್ ಫೈವ್ ಹಾಕಿಸಿದರೂ ನಷ್ಟವಿಲ್ಲ, ಅರ್ಧ ಶತಮಾನ ದಾಟಿದ ರಬ್ಬರ್, ಇನ್ನೂ ಜನ ಆಡುತ್ತಿದ್ದಾರೆ. ಫೋರ್‌ಹ್ಯಾಂಡಿಗೆ 2.0, ಬ್ಯಾಕ್‌ಹ್ಯಾಂಡಿಗೆ 1.8 ಮಿ.ಮೀ. ಟಾಪ್‌ಸ್ಪಿನ್ ಹೆಚ್ಚು ಹಿಡಿಯಬೇಕೆಂದರೆ ಫೋರ್‌ಹ್ಯಾಂಡಿಗೆ ಮಾತ್ರ ಒಂದು ಮೆದು ಟೆನ್ಸರ್, ಉದಾಹರಣೆಗೆ ಕ್ಸಿಯಾಮ್ ವೇಗಾ ಯುರೋಪ್. ಅಂಟಂಟಾದ ಚೀನೀ ರಬ್ಬರುಗಳು ಅಗ್ಗ, ಸರ್ವ್‌ನಲ್ಲಿ ಸ್ಪಿನ್ ಬೊಂಬಾಟ್. ಆದರೆ ಅವಕ್ಕೆ ದೊಡ್ಡ ಬೀಸು ಬೇಕು, ತೂಕವೂ ಹೆಚ್ಚು. ಒಂದು ಬದಿ ಕಪ್ಪು ಇರಲೇಬೇಕು, ಇನ್ನೊಂದು ಬದಿಗೆ ಈಗ ಕೆಂಪಲ್ಲದೆ ನೀಲಿ, ಹಸಿರು, ಗುಲಾಬಿ, ನೇರಳೆಯೂ ನಡೆಯುತ್ತದೆ. ಟೂರ್ನಿ ಆಡುವ ಯೋಚನೆ ಇದ್ದರೆ ರಬ್ಬರಿನ ಮೇಲೆ ಐಟಿಟಿಎಫ್ (ಅಂತಾರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟ) ಗುರುತು ನೋಡಿ. ಮಾನ್ಯತೆಯ ಪಟ್ಟಿ ಇರುವುದು ರಬ್ಬರಿಗೆ. ಬ್ಲೇಡಿಗೆ ಅಂಥ ಪಟ್ಟಿ ಇಲ್ಲ, ಮರದ ಪ್ರಮಾಣದ ನಿಯಮ ಪಾಲಿಸಿದ್ದರೆ ಸಾಕು.

ಲಿಂಬಾ ಮೆದು ಎಂದೆನಲ್ಲ, ಅದಕ್ಕೊಂದು ಬೆಲೆ ತೆರಬೇಕು. ರಬ್ಬರ್ ಕೀಳುವಾಗ ಮರದ ಸೀಳು ಎದ್ದು ಬರುತ್ತದೆ, ಈಗಿನ ನೀರಿನ ಅಂಟು ಗಟ್ಟಿಯಾಗಿ ಹಿಡಿಯುವುದರಿಂದ ಇನ್ನೂ ಹೆಚ್ಚು. ಮೊದಲ ಸಲ ರಬ್ಬರ್ ಅಂಟಿಸುವ ಮುಂಚೆಯೇ ಬ್ಲೇಡಿನ ಎರಡೂ ಮುಖಕ್ಕೆ ತೆಳ್ಳಗೆ ಒಂದೇ ಒಂದು ಕೈ ನೀರಿನ ವಾರ್ನಿಷ್ ಬಳಿದು, ಒಣಗಿದ ಮೇಲೆ ನಯವಾಗಿ ಉಜ್ಜಿ. ದಪ್ಪ ಬಳಿದರೆ ಮೇಲ್ಪದರ ಗಡುಸಾಗಿ ಕೊಟ್ಟ ದುಡ್ಡು ನೀರುಪಾಲು. ಕೀಳುವಾಗ ರಬ್ಬರನ್ನು ಮೇಲಕ್ಕೆತ್ತಿ ಜಗ್ಗಬೇಡಿ, ಬ್ಲೇಡಿಗೆ ಒರಗಿಸಿದ ಹಾಗೆ ನಿಧಾನಕ್ಕೆ ಎಳೆಯಿರಿ. ನಿಮ್ಮೂರಿನ ಮಳೆಗಾಲದಲ್ಲಿ ಮರ ತೇವ ಹೀರಿ ಭಾರವಾಗುತ್ತದೆ, ಹೊಡೆತ ಮಂಕಾಗುತ್ತದೆ. ಬೆವರಿನ ಟವೆಲ್ ಜೊತೆ ಬ್ಯಾಟ್ ಇಡದೆ ಜಿಪ್ ಇರುವ ಬೇರೆ ಕವರಿನಲ್ಲಿಡಿ, ಒಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಿಸಿಲಿಗೆ ನಿಂತ ಕಾರಿನಲ್ಲಂತೂ ಬಿಡಲೇಬೇಡಿ.

ಮಗನಿಗೂ ಇದೇ ಬ್ಲೇಡ್ ನಡೆಯುತ್ತದೆ, ಆದರೆ ನಿಮ್ಮದನ್ನೇ ಹಂಚಿಕೊಳ್ಳಬೇಡಿ. ಅವನಿಗೆ 80 ಗ್ರಾಂ ಮೀರದ ತುಂಡು ಬೇಕು, ಎರಡೂ ಬದಿಗೆ 1.5ರಿಂದ 1.8 ಮಿ.ಮೀ. ಸ್ಪಂಜು. ಈಗಲೇ ಬೇಕೆಂದೂ ಇಲ್ಲ. ಅವನು ತಿಂಗಳು ಎರಡು ತಿಂಗಳು ಬಿಡದೆ ಕೋಚಿಂಗಿಗೆ ಹೋಗಲಿ, ಅಲ್ಲಿಯವರೆಗೆ ಒಂದು ಮಾಮೂಲಿ ರೆಡಿಮೇಡ್ ಬ್ಯಾಟ್ ಸಾಕು. ಆಮೇಲೆ ಚೀನಾದ ಅಗ್ಗದ ಮರದ ಬ್ಲೇಡ್ ಅವನಿಗೆ ತರಿಸಿ. ಪಿಂಪಲ್ಸ್ (ಹೊರಗೆ ಉಬ್ಬುಗಳಿರುವ ರಬ್ಬರ್), ಆಂಟಿ-ಸ್ಪಿನ್ (ಸ್ಪಿನ್ ಹಿಡಿಯದ ರಬ್ಬರ್) ಎಂದು ಯಾರಾದರೂ ಹೇಳಿದರೆ ಈ ವಯಸ್ಸಿಗೆ ಬೇಡ.

ಶಿವಮೊಗ್ಗದಲ್ಲಿ ಕೈಗೆ ಹಿಡಿದು ನೋಡಿ ಕೊಳ್ಳುವಷ್ಟು ಆಯ್ಕೆ ಸಿಗದಿರಬಹುದು, ಬಹುಶಃ ತರಿಸಿಕೊಳ್ಳಬೇಕಾಗುತ್ತದೆ. ಬೆಲೆ ಆಗಾಗ ಏರಿಳಿಯುವುದರಿಂದ ಎರಡು ಕಡೆ ವಿಚಾರಿಸಿ. ಆರ್ಡರ್ ಹಾಕುವ ಮುಂಚೆ ಅಂಗಡಿಯವರಿಗೆ ಹೀಗೊಂದು ಮೆಸೇಜ್ ಕಳಿಸಿ: ‘ಆಲ್‌ರೌಂಡ್ ಕ್ಲಾಸಿಕ್ ಅಥವಾ ಅಪೆಲ್‌ಗ್ರೆನ್ ಆಲ್‌ಪ್ಲೇ, ಫ್ಲೇರ್ಡ್ ಹ್ಯಾಂಡಲ್, 82ರಿಂದ 88 ಗ್ರಾಂ. ತಕ್ಕಡಿಯ ಮೇಲಿಟ್ಟು ಫೋಟೊ ಕಳಿಸಿ. ಮಾರ್ಕ್ ಫೈವ್ ಕಪ್ಪು 1.8, ಕೆಂಪು 2.0, ನೀವೇ ಅಂಟಿಸಿ, ಅಂಚಿಗೆ ಟೇಪ್ ಹಾಕಿ ಕೊಡಿ.’ ತಕ್ಕಡಿಯ ಫೋಟೊ ಕಳಿಸಲು ಒಪ್ಪದ ಅಂಗಡಿಯಾದರೆ ಬೇರೆ ಅಂಗಡಿ ನೋಡಿ.